ಮಂಡಿನೋವಿನಿಂದ ಮೆಟ್ಟಿಲಿನವರೆಗೆ: ಪ್ರಾಥಮಿಕ ಹಂತದ ಫಿಸಿಯೋಥೆರಪಿಯಲ್ಲಿ ಐಸಿಎಫ್ ಬಳಸುವ ಬಗೆ

ವೃತ್ತಿಯ ಮೊದಲ ವರ್ಷಗಳಲ್ಲಿ, ಮಂಡಿನೋವಿಗೆಂದು ಬಂದ ಒಬ್ಬ ಮಹಿಳೆಗೆ ನಾನು ಬರೆದ ಒಂದು ಕೇಸ್ ಶೀಟ್ ಈಗಲೂ ನೆನಪಿದೆ. ಮಂಡಿ ಬಾಗುವುದು 105 ಡಿಗ್ರಿಯಿಂದ 125ಕ್ಕೆ ಏರಿತ್ತು. ತೊಡೆಯ ಮುಂಭಾಗದ ಸ್ನಾಯುಬಲ, 5ರವರೆಗಿನ ಮಾಪಕದಲ್ಲಿ, 4ರಿಂದ 5ಕ್ಕೆ ಬಂದಿತ್ತು. ನೋವು, 10ರವರೆಗಿನ ಮಾಪಕದಲ್ಲಿ, 7ರಿಂದ 3ಕ್ಕೆ ಇಳಿದಿತ್ತು. ನನ್ನ ಲೆಕ್ಕದಲ್ಲಿ ಚಿಕಿತ್ಸೆ ಮುಗಿದಿತ್ತು. ಕೊನೆಯ ದಿನ ಆಕೆ ಬಾಗಿಲ ಬಳಿ ನಿಂತು, "ಮನೆಯಲ್ಲಿ ಮಹಡಿ ಹತ್ತಿ ಒಂದು ವರ್ಷವಾಯ್ತು, ಇನ್ನು ಆಗಲ್ಲ ಬಿಡಿ" ಅಂದರು. ಎಂಟು ಭೇಟಿಗಳಲ್ಲಿ ನಾನು ಮೆಟ್ಟಿಲಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಮಂಡಿಯನ್ನು ಅಳೆಯಲು ನನಗೆ ಕಲಿಸಿದ್ದರು, ನಾನು ಅಳೆದಿದ್ದೆ. ಮಂಡಿಯ ಸುತ್ತ ಇದ್ದ ಬದುಕನ್ನು ಬರೆದುಕೊಳ್ಳಲು ನನ್ನ ಶೀಟಿನಲ್ಲಿ ಜಾಗವೇ ಇರಲಿಲ್ಲ. ಆ ಜಾಗ ಮಾಡಿಕೊಡುವ ಸಾಧನವೇ ಐಸಿಎಫ್, ಅಂದರೆ ಕಾರ್ಯನಿರ್ವಹಣೆ, ಅಸಮರ್ಥತೆ ಮತ್ತು ಆರೋಗ್ಯದ ಅಂತರರಾಷ್ಟ್ರೀಯ ವರ್ಗೀಕರಣ. ಕಾಲೇಜಿನಲ್ಲಿ ಎಲ್ಲರೂ ಅದರ ಚಿತ್ರ ಬರೆದು ಪರೀಕ್ಷೆ ಪಾಸಾಗಿರುತ್ತೇವೆ. ದಿನಕ್ಕೆ ಹತ್ತಾರು ಜನರನ್ನು ನೋಡುವ ಪ್ರಾಥಮಿಕ ಹಂತದ ಕ್ಲಿನಿಕ್ಕಿನಲ್ಲಿ ಅದನ್ನು ನಿಜವಾಗಿ ಬಳಸುವುದು ಹೇಗೆ ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆದಿದ್ದೇನೆ.

ಮೊದಲು, ಬೇಕಾದಷ್ಟು ಹಿನ್ನೆಲೆ

ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ, ಅಂದರೆ ಕಾಯಿಲೆಗಳ ಅಂತರರಾಷ್ಟ್ರೀಯ ವರ್ಗೀಕರಣ, ಕಾಯಿಲೆಗೆ ಹೆಸರು ಕೊಡುತ್ತದೆ. ಅದೇ ಸಂಸ್ಥೆಯ ಐಸಿಎಫ್, ಆ ಕಾಯಿಲೆ ಇರುವವರ ದೇಹ ಮತ್ತು ದಿನಚರಿ ಹೇಗೆ ನಡೆಯುತ್ತಿದೆ ಎಂದು ಬರೆಯಲು ಭಾಷೆ ಕೊಡುತ್ತದೆ. 2001ರ ಮೇ 22ರಂದು 54ನೇ ವಿಶ್ವ ಆರೋಗ್ಯ ಸಭೆ ಇದನ್ನು ಅಂಗೀಕರಿಸಿತು. 1980ರ ಹಳೆಯ ವರ್ಗೀಕರಣದಲ್ಲಿ ಬಾಣಗಳು ಒಂದೇ ದಿಕ್ಕಿಗೆ ಹೋಗುತ್ತಿದ್ದವು: ಕಾಯಿಲೆ, ಅದರಿಂದ ಊನ, ಅದರಿಂದ ಅಸಮರ್ಥತೆ, ಕೊನೆಗೆ ಸಮಾಜದಲ್ಲಿ ಹಿನ್ನಡೆ. ಐಸಿಎಫ್‌ನಲ್ಲಿ ಬಾಣಗಳು ಎರಡೂ ಕಡೆಗಿವೆ. ನೋವಿನಿಂದ ನಡಿಗೆ ಕಡಿಮೆಯಾಗುತ್ತದೆ, ನಡಿಗೆ ಕಡಿಮೆಯಾಗಿ ಸ್ನಾಯು ಸೊರಗಿ ನೋವೂ ಹೆಚ್ಚುತ್ತದೆ. ಮೂಳೆ ಮತ್ತು ಸ್ನಾಯುವಿನ ತೊಂದರೆಗಳನ್ನು ನೋಡುವವರಿಗೆ ಇದು ದಿನವೂ ಕಣ್ಣಿಗೆ ಬೀಳುವ ಸಂಗತಿ.

ಸಂಕೇತಗಳ ಮೊದಲ ಅಕ್ಷರ ನಾಲ್ಕು ಬಗೆ. 'ಬಿ' ದೇಹದ ಕಾರ್ಯಗಳಿಗೆ, 'ಎಸ್' ದೇಹದ ರಚನೆಗಳಿಗೆ, 'ಡಿ' ಚಟುವಟಿಕೆ ಮತ್ತು ಪಾಲ್ಗೊಳ್ಳುವಿಕೆಗೆ, 'ಇ' ಪರಿಸರಕ್ಕೆ. ಪರಿಸರ ಎಂದರೆ ಮನೆ, ಸಲಕರಣೆ, ಮನೆಯವರು, ಸುತ್ತಲಿನವರ ಧೋರಣೆ, ಸೇವೆ, ನಿಯಮ ಎಲ್ಲವೂ. ವಯಸ್ಸು, ಸ್ವಭಾವ, ನಂಬಿಕೆ, ಹಿಂದಿನ ಅನುಭವಗಳಂಥ ವೈಯಕ್ತಿಕ ಅಂಶಗಳು ಚಿತ್ರದಲ್ಲಿವೆ, ಆದರೆ ಅವುಗಳಿಗೆ ಸಂಕೇತ ಕೊಟ್ಟಿಲ್ಲ. ಅವನ್ನು ನಿಮ್ಮ ಮಾತಿನಲ್ಲೇ ಬರೆಯಬೇಕು. ಒಟ್ಟು 1,400ಕ್ಕೂ ಹೆಚ್ಚು ಸಂಕೇತಗಳಿವೆ. ಈ ಸಂಖ್ಯೆ ನೋಡಿ ಹಿಂದೆ ಸರಿಯಬೇಡಿ, ನಮಗೆ ದಿನನಿತ್ಯ ಬೇಕಾಗುವುದು ಇಪ್ಪತ್ತೋ ಮೂವತ್ತೋ.

ಹೆಜ್ಜೆ 1: ಅಪಾಯದ ಚಿಹ್ನೆಗಳನ್ನು ನೋಡಿದ ಮೇಲೆಯೇ ಮುಂದೆ

ಐಸಿಎಫ್ ರೋಗನಿರ್ಣಯದ ಬದಲಿಗೆ ಬಂದದ್ದಲ್ಲ. ಬೆನ್ನುನೋವಿನ ಜೊತೆ ಆಸನದ ಭಾಗದಲ್ಲಿ ಮರಗಟ್ಟುವಿಕೆ, ಮೂತ್ರ ಕಟ್ಟುವುದು, ಮಲಮೂತ್ರದ ಹಿಡಿತ ತಪ್ಪುವುದು, ಕಾಲಿನ ಬಲ ದಿನೇದಿನೇ ಕುಂದುವುದು ಕಂಡರೆ ಅಲ್ಲಿಗೇ ನಿಲ್ಲಿಸಿ ತುರ್ತಾಗಿ ಕಳಿಸಿ. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದದ್ದು, ದೊಡ್ಡ ಪೆಟ್ಟು, ಬಹುಕಾಲ ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ ಹಠಾತ್ತನೆ ಬಂದ ನೋವು, ಇವೂ ವೈದ್ಯರ ಕಣ್ಣಿಗೆ ಬೀಳಬೇಕು. ಇವಿಲ್ಲ ಎಂದು ಖಚಿತವಾದ ಮೇಲೆ ಮುಂದಿನದು.

ಹೆಜ್ಜೆ 2: ಕೈ ಇಡುವ ಮೊದಲು ಕಿವಿ ಕೊಡಿ

"ಎಲ್ಲಿ ನೋವು?" ಎಂದು ಕೇಳಿದರೆ ಬೆರಳು ಒಂದು ಜಾಗ ತೋರಿಸುತ್ತದೆ, ಮಾತು ಅಲ್ಲಿಗೆ ಮುಗಿಯುತ್ತದೆ. ನಾನು ಈಗ ಕೇಳುವ ಪ್ರಶ್ನೆಗಳು ಇವು: "ಈ ನೋವು ಬಂದ ಮೇಲೆ ಯಾವ ಕೆಲಸ ನಿಂತಿದೆ? ಯಾವುದನ್ನು ಮಾಡುತ್ತೀರಿ, ಆದರೆ ಕಷ್ಟಪಟ್ಟು? ಯಾವುದನ್ನು ಬೇರೆಯವರು ನಿಮ್ಮ ಪರವಾಗಿ ಮಾಡುತ್ತಿದ್ದಾರೆ?" ಮೂರನೆಯ ಪ್ರಶ್ನೆಯನ್ನು ಬಿಡಬೇಡಿ. ಬೇರೆಯವರು ವಹಿಸಿಕೊಂಡ ಕೆಲಸವನ್ನು ಜನ ತೊಂದರೆ ಎಂದು ಹೇಳುವುದೇ ಇಲ್ಲ, ಏಕೆಂದರೆ ಅದು ಅವರ ದಿನದಿಂದ ಸದ್ದಿಲ್ಲದೆ ಜಾರಿಹೋಗಿರುತ್ತದೆ. ನನ್ನ ಆ ಹಳೆಯ ಕೇಸಿನಲ್ಲಿ ಮಹಡಿ ಜಾರಿಹೋದದ್ದೂ ಹಾಗೆಯೇ.

ಉತ್ತರಗಳಿಂದ ಮೂರರಿಂದ ಐದು ಚಟುವಟಿಕೆಗಳನ್ನು ಅವರ ಬಾಯಿಂದಲೇ ಆರಿಸಿ. ಪ್ರತಿಯೊಂದಕ್ಕೂ 0ಯಿಂದ 10ರವರೆಗೆ ಅಂಕ ಕೊಡಲು ಹೇಳಿ: 0 ಎಂದರೆ ಮಾಡಲು ಆಗುವುದೇ ಇಲ್ಲ, 10 ಎಂದರೆ ತೊಂದರೆ ಶುರುವಾಗುವ ಮೊದಲಿನಂತೆ. ಇದು ಪೇಷೆಂಟ್ ಸ್ಪೆಸಿಫಿಕ್ ಫಂಕ್ಷನಲ್ ಸ್ಕೇಲ್. ಐದು ನಿಮಿಷವೂ ಹಿಡಿಯದು. ಐಸಿಎಫ್ ಅನ್ನು ಕ್ಲಿನಿಕ್ಕಿಗೆ ತರಲು ಇದಕ್ಕಿಂತ ಸುಲಭದ ಬಾಗಿಲು ನನಗೆ ಸಿಕ್ಕಿಲ್ಲ, ಏಕೆಂದರೆ ಇಲ್ಲಿ ಬರುವ ಪ್ರತಿ ಉತ್ತರವೂ 'ಡಿ' ಗುಂಪಿನ ಒಂದು ಸಂಕೇತವೇ ಆಗಿರುತ್ತದೆ.

ಹೆಜ್ಜೆ 3: ಒಂದೇ ಹಾಳೆ, ಎರಡು ಸಾಲು

ಒಂದು ಹಾಳೆಯನ್ನು ಅಡ್ಡಕ್ಕೆ ಎರಡು ಭಾಗ ಮಾಡಿ. ಮೇಲಿನ ಸಾಲಿನಲ್ಲಿ ಬಂದವರು ಹೇಳಿದ್ದು, ಅವರದೇ ಮಾತಿನಲ್ಲಿ. ಕೆಳಗಿನ ಸಾಲಿನಲ್ಲಿ ನೀವು ಪರೀಕ್ಷೆಯಲ್ಲಿ ಕಂಡದ್ದು. ಎಡಗಡೆ ದೇಹದ ಕಾರ್ಯ ಮತ್ತು ರಚನೆ, ನಡುವೆ ಚಟುವಟಿಕೆ, ಬಲಗಡೆ ಪಾಲ್ಗೊಳ್ಳುವಿಕೆ. ಹಾಳೆಯ ಅಡಿಯಲ್ಲಿ ಪರಿಸರ ಮತ್ತು ವೈಯಕ್ತಿಕ ಅಂಶಗಳು.

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. 54 ವರ್ಷದ ಮಹಿಳೆ, ಗ್ರಂಥಾಲಯದಲ್ಲಿ ಕೆಲಸ, ಬಲಮಂಡಿಯ ಕೀಲು ಸವೆತ. ಮೇಲಿನ ಸಾಲಿನಲ್ಲಿ ಹೀಗಿದೆ: "ಮೆಟ್ಟಿಲು ಇಳಿಯುವಾಗ ಮಂಡಿ ಕೈಕೊಟ್ಟುಬಿಡುತ್ತೆ ಅನ್ನೋ ಭಯ. ಅರ್ಧ ಗಂಟೆ ನಿಂತರೆ ಸೆಳೆತ. ಕೆಳಗಿನ ಕಪಾಟಿನ ಪುಸ್ತಕ ತೆಗೆಯೋಕೆ ಸಹೋದ್ಯೋಗಿಯನ್ನು ಕರೀತೀನಿ. ಸಂಜೆ ಗೆಳತಿಯ ಜೊತೆ ನಡಿಗೆ ಹೋಗ್ತಿದ್ದೆ, ಈಗ ಇಲ್ಲ." ಕೆಳಗಿನ ಸಾಲಿನಲ್ಲಿ: ತೊಡೆಯ ಮುಂಭಾಗದ ಮತ್ತು ಸೊಂಟದ ಪಕ್ಕದ ಸ್ನಾಯುಗಳಲ್ಲಿ ದೌರ್ಬಲ್ಯ, ಮಂಡಿ ಬಾಗುವುದರಲ್ಲಿ ಸ್ವಲ್ಪ ಕೊರತೆ, 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎದ್ದು ಕೂತದ್ದು 9 ಸಲ, ಕಟಾಂಜನ ಹಿಡಿಯದೆ ಹತ್ತು ಮೆಟ್ಟಿಲು ಹತ್ತಿ ಇಳಿದರು, ತುಸು ನಿಧಾನ.

ಎರಡು ಸಾಲುಗಳನ್ನು ಅಕ್ಕಪಕ್ಕ ನೋಡಿ. ಮೆಟ್ಟಿಲಿನ ವಿಷಯದಲ್ಲಿ ಅವು ಒಂದಕ್ಕೊಂದು ಒಪ್ಪುತ್ತಿಲ್ಲ. ಈ ಒಪ್ಪದಿರುವಿಕೆಗೆ ಐದನೇ ಹೆಜ್ಜೆಯಲ್ಲಿ ಮರಳುತ್ತೇವೆ.

ಹೆಜ್ಜೆ 4: ಸಂಕೇತಗಳನ್ನು ಆರಿಸುವುದು

ಎಲ್ಲಿಂದ ಶುರು ಮಾಡಬೇಕೆಂದು ತೋಚದಿದ್ದರೆ ಏಳೇ ಸಂಕೇತಗಳ ಜೆನೆರಿಕ್ ಸೆಟ್ ಇದೆ: ಉತ್ಸಾಹ ಮತ್ತು ಶಕ್ತಿ (ಬಿ130), ಭಾವನೆಗಳು (ಬಿ152), ನೋವು (ಬಿ280), ದಿನಚರಿ ನಡೆಸುವುದು (ಡಿ230), ನಡಿಗೆ (ಡಿ450), ಓಡಾಟ (ಡಿ455), ಸಂಪಾದನೆಯ ಕೆಲಸ (ಡಿ850). ಯಾವ ಕಾಯಿಲೆಯವರು ಬಂದರೂ ಈ ಏಳನ್ನು ಕೇಳಬಹುದು. ಪುನಶ್ಚೇತನಕ್ಕೆಂದೇ ಇದನ್ನು 30 ಸಂಕೇತಗಳಿಗೆ ಹಿಗ್ಗಿಸಿದ ಪಟ್ಟಿಯೂ ಇದೆ.

ಕಾಯಿಲೆವಾರು ಪಟ್ಟಿಗಳಿಗೆ ಕೋರ್ ಸೆಟ್ ಎನ್ನುತ್ತಾರೆ. ಕೆಳಬೆನ್ನಿನ ನೋವಿನ ವಿಸ್ತೃತ ಕೋರ್ ಸೆಟ್‌ನಲ್ಲಿ 78 ಸಂಕೇತಗಳಿವೆ, ಸಂಕ್ಷಿಪ್ತದಲ್ಲಿ 35. ಕೀಲು ಸವೆತಕ್ಕೆ ವಿಸ್ತೃತ 55, ಸಂಕ್ಷಿಪ್ತ 13. ಈ ಕೊನೆಯದು, ಹದಿಮೂರರದು, ಪ್ರಾಥಮಿಕ ಹಂತಕ್ಕೆ ಹೇಳಿ ಮಾಡಿಸಿದಂತಿದೆ. ಬೆನ್ನಿನ 35 ನನಗೆ ಮೊದಲ ಭೇಟಿಗೆ ಹೆಚ್ಚೆನಿಸುತ್ತದೆ. ಅದನ್ನು ನಾನು ಎದುರಿಟ್ಟುಕೊಂಡು ಏನಾದರೂ ಬಿಟ್ಟಿದ್ದೇನೆಯೇ ಎಂದು ಕಣ್ಣಾಡಿಸಲು ಮಾತ್ರ ಬಳಸುತ್ತೇನೆ. ನಿದ್ದೆಯನ್ನು ಕೇಳಲು ಮರೆತಿದ್ದೇನೆ ಎಂದು ಅದರಿಂದ ಎಷ್ಟೋ ಸಲ ಎಚ್ಚರಾಗಿದೆ.

ಕೈಗೆ ಹತ್ತಿಬಿಡುವ ಸಂಕೇತಗಳು ಬೇಗ ಬಾಯಿಪಾಠವಾಗುತ್ತವೆ. ಬಿ28013 ಬೆನ್ನುನೋವು, ಬಿ28016 ಕೀಲುನೋವು, ಬಿ710 ಕೀಲಿನ ಚಲನೆ, ಬಿ730 ಸ್ನಾಯುಬಲ, ಬಿ740 ಸ್ನಾಯುವಿನ ತಾಳಿಕೆ, ಬಿ134 ನಿದ್ದೆ. ಡಿ410 ಭಂಗಿ ಬದಲಿಸುವುದು, ಡಿ415 ಒಂದೇ ಭಂಗಿಯಲ್ಲಿ ಇರುವುದು, ಡಿ430 ಎತ್ತುವುದು ಮತ್ತು ಹೊರುವುದು, ಡಿ445 ಕೈ ಮತ್ತು ತೋಳಿನ ಬಳಕೆ, ಡಿ4551 ಹತ್ತುವುದು, ಡಿ540 ಬಟ್ಟೆ ಹಾಕಿಕೊಳ್ಳುವುದು, ಡಿ640 ಮನೆಗೆಲಸ, ಡಿ920 ಬಿಡುವು ಮತ್ತು ಮನರಂಜನೆ. ಭುಜದ ಕೇಸುಗಳಲ್ಲಿ ಡಿ445 ಮತ್ತು ಡಿ540, ಬೆನ್ನಿನವರಲ್ಲಿ ಡಿ415 ಮತ್ತು ಡಿ430, ಮಂಡಿಯವರಲ್ಲಿ ಡಿ410 ಮತ್ತು ಡಿ4551 ಮತ್ತೆ ಮತ್ತೆ ಬರುತ್ತವೆ.

ನೀವು ಈಗಾಗಲೇ ಬೆನ್ನುನೋವಿನವರಿಗೆ ಓಸ್ವೆಸ್ಟ್ರಿ ಪ್ರಶ್ನಾವಳಿ ತುಂಬಿಸುತ್ತಿದ್ದರೆ ಅರ್ಧ ಕೆಲಸ ಮುಗಿದಿದೆ. ಅದರ ಹತ್ತು ವಿಭಾಗಗಳು ನೋವು, ಸ್ವಂತ ಆರೈಕೆ, ಎತ್ತುವುದು, ನಡೆಯುವುದು, ಕೂರುವುದು, ನಿಲ್ಲುವುದು, ನಿದ್ದೆ, ಲೈಂಗಿಕ ಜೀವನ, ಸಾಮಾಜಿಕ ಜೀವನ, ಪ್ರಯಾಣ. ಬಹುತೇಕ ಎಲ್ಲವೂ ನೇರವಾಗಿ 'ಬಿ' ಅಥವಾ 'ಡಿ' ಸಂಕೇತಕ್ಕೆ ಕೂಡುತ್ತವೆ. ಪರಿಸರದ ಬಗ್ಗೆ ಮಾತ್ರ ಅದರಲ್ಲಿ ಒಂದು ವಿಭಾಗವೂ ಇಲ್ಲ. ಅದನ್ನು ನೀವೇ ಕೇಳಬೇಕು.

ಇನ್ನು ತೀವ್ರತೆ. ಸಂಕೇತದ ಮುಂದೆ ಚುಕ್ಕಿ ಇಟ್ಟು ಒಂದು ಅಂಕಿ ಬರೆಯುತ್ತೇವೆ. ತೊಂದರೆ ಇಲ್ಲದಿದ್ದರೆ 0 (ಶೇ 0–4), ಅಲ್ಪವಾದರೆ 1 (5–24), ಮಧ್ಯಮವಾದರೆ 2 (25–49), ತೀವ್ರವಾದರೆ 3 (50–95), ಪೂರ್ಣವಾದರೆ 4 (96–100). ಮಾಹಿತಿ ಸಾಲದಿದ್ದರೆ 8, ಅನ್ವಯಿಸದಿದ್ದರೆ 9. ಪರಿಸರದ ಅಂಶ ಅಡ್ಡಿಯಾಗಿದ್ದರೆ ಚುಕ್ಕಿ, ಅನುಕೂಲವಾಗಿದ್ದರೆ ಚುಕ್ಕಿಯ ಬದಲು ಪ್ಲಸ್ ಗುರುತು.

ಇಲ್ಲೊಂದು ಎಚ್ಚರಿಕೆ. ಮೂರನೆಯ ಮಟ್ಟ ಬಹಳ ಅಗಲವಾದದ್ದು. ನೋವು 10ಕ್ಕೆ 9 ಇದ್ದವರು 5ಕ್ಕೆ ಇಳಿದರೂ ಸಂಕೇತದಲ್ಲಿ ಅವರು 3ರಲ್ಲೇ ಉಳಿಯುತ್ತಾರೆ. ಅವರ ಪಾಲಿಗೆ ಅದು ರಾತ್ರಿ ಮಲಗಲಾಗದ ಸ್ಥಿತಿಗೂ ಮಲಗಬಲ್ಲ ಸ್ಥಿತಿಗೂ ಇರುವ ವ್ಯತ್ಯಾಸ. ಆದ್ದರಿಂದ ಸ್ಥಿತಿಯನ್ನು ಚಿತ್ರಿಸಲು ಐಸಿಎಫ್ ಅಂಕಿ ಬಳಸಿ, ವಾರದಿಂದ ವಾರಕ್ಕೆ ಬದಲಾವಣೆ ಅಳೆಯಲು ಮೂಲ ಮಾಪನವನ್ನೇ ಇಟ್ಟುಕೊಳ್ಳಿ.

ಹೆಜ್ಜೆ 5: ಮಾಡಬಲ್ಲದ್ದು ಮತ್ತು ಮಾಡುತ್ತಿರುವುದು

ಇಡೀ ಐಸಿಎಫ್‌ನಲ್ಲಿ ಫಿಸಿಯೋಥೆರಪಿಸ್ಟ್‌ಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಇದು. ಉಳಿದದ್ದೆಲ್ಲ ಮರೆತರೂ ಇದೊಂದನ್ನು ಇಟ್ಟುಕೊಳ್ಳಿ.

'ಡಿ' ಸಂಕೇತಗಳಿಗೆ ಚುಕ್ಕಿಯ ನಂತರ ಎರಡು ಅಂಕಿ. ಮೊದಲನೆಯದು ತಮ್ಮ ನಿಜವಾದ ಪರಿಸರದಲ್ಲಿ ಅವರು ಏನು ಮಾಡುತ್ತಿದ್ದಾರೆ ಎಂಬುದು. ಎರಡನೆಯದು ಯಾರ ನೆರವೂ ಯಾವ ಸಲಕರಣೆಯೂ ಇಲ್ಲದೆ ಸಮಾನ ಪರಿಸರದಲ್ಲಿ, ಅಂದರೆ ನಿಮ್ಮ ಪರೀಕ್ಷೆಯ ಕೋಣೆಯಲ್ಲಿ, ಏನು ಮಾಡಬಲ್ಲರು ಎಂಬುದು. ನಮ್ಮ ಗ್ರಂಥಾಲಯದ ಮಹಿಳೆಗೆ ಮೆಟ್ಟಿಲಿನ ಸಂಕೇತ ಡಿ4551.31 ಎಂದಾಗುತ್ತದೆ. ಮನೆಯಲ್ಲಿ ತೀವ್ರ ತೊಂದರೆ, ಏಕೆಂದರೆ ಅವರು ಮೆಟ್ಟಿಲನ್ನೇ ಬಿಟ್ಟಿದ್ದಾರೆ. ಕ್ಲಿನಿಕ್ಕಿನಲ್ಲಿ ಅಲ್ಪ ತೊಂದರೆ ಮಾತ್ರ.

3 ಮತ್ತು 1ರ ನಡುವಿನ ಈ ಬಿರುಕು ಎಲ್ಲಿಂದ ಬಂತು? ಸ್ನಾಯುಬಲದಿಂದ ಬಂದಿದ್ದರೆ ಎರಡನೇ ಅಂಕಿಯೂ ದೊಡ್ಡದಿರುತ್ತಿತ್ತು. ಉತ್ತರವನ್ನು ಪರಿಸರದಲ್ಲೋ ಅವರ ನಂಬಿಕೆಯಲ್ಲೋ ಹುಡುಕಬೇಕು. ಕೇಳಿದಾಗ ತಿಳಿದದ್ದು: ಮನೆಯ ಮೆಟ್ಟಿಲಿಗೆ ಕಟಾಂಜನ ಇಲ್ಲ, ಬೆಳಕು ಕಡಿಮೆ. ಮಗಳು ಪ್ರೀತಿಯಿಂದ "ನೀನು ಕೂತ್ಕೋ, ನಾನು ತರ್ತೀನಿ" ಅನ್ನುತ್ತಾಳೆ. ಯಾರೋ ಒಬ್ಬರು ಎಕ್ಸ್-ರೇ ನೋಡಿ "ಮಂಡಿ ಪೂರ್ತಿ ಸವೆದಿದೆ, ಮೆಟ್ಟಿಲು ಹತ್ತಲೇಬೇಡಿ" ಎಂದಿದ್ದಾರೆ. ಇವಕ್ಕೂ ಸಂಕೇತಗಳಿವೆ. ಮನೆಯ ವಿನ್ಯಾಸ ಇ155.2. ಮಗಳ ಆಸರೆ ಇ310+2, ಅದೇ ಮಗಳ ಅತಿಕಾಳಜಿಯ ಧೋರಣೆ ಇ410.2. ಆರೋಗ್ಯ ಸಿಬ್ಬಂದಿಯ ಧೋರಣೆ ಇ450.2. ಆರೋಗ್ಯ ಸಿಬ್ಬಂದಿಯ ಮಾತೇ ಅಡ್ಡಿಯಾಗಬಹುದು ಎಂದು ಒಪ್ಪಿಕೊಂಡು ಅದಕ್ಕೊಂದು ಸಂಕೇತ ಇಟ್ಟಿರುವುದಕ್ಕೆ ನಾನು ಈ ವರ್ಗೀಕರಣವನ್ನು ಗೌರವಿಸುತ್ತೇನೆ. ನಾನು ಆಡುವ ಮಾತನ್ನು ಅದು ತೂಗಿಸುತ್ತದೆ.

ಎರಡು ಅಂಕಿಗಳ ಜೋಡಿಯನ್ನು ಓದುವ ರೀತಿ ಹೀಗೆ. ಎರಡೂ ದೊಡ್ಡವು ಎಂದರೆ ದೇಹದ ಮಟ್ಟದ ಕೆಲಸ ಮುಖ್ಯ: ಬಲ, ಚಲನೆ, ತಾಳಿಕೆ, ನೋವಿನ ನಿರ್ವಹಣೆ. ಮೊದಲನೆಯದು ದೊಡ್ಡದು, ಎರಡನೆಯದು ಚಿಕ್ಕದು ಎಂದರೆ ಭಯ, ನಂಬಿಕೆ, ಮನೆ, ಕೆಲಸದ ಜಾಗ ನೋಡಿ. ಅಲ್ಲಿ ಇನ್ನಷ್ಟು ಸ್ನಾಯು ವ್ಯಾಯಾಮ ಕೊಡುತ್ತಾ ಹೋದರೆ ವಾರಗಳು ಕಳೆಯುತ್ತವೆ, ಬದುಕು ಕದಲುವುದಿಲ್ಲ. ಮೊದಲನೆಯದೇ ಚಿಕ್ಕದು, ಎರಡನೆಯದು ದೊಡ್ಡದು ಎಂದರೆ ಎರಡು ಸಾಧ್ಯತೆ. ಊರುಗೋಲು, ಕಟಾಂಜನ, ಎತ್ತರದ ಕುರ್ಚಿ ಚೆನ್ನಾಗಿ ಕೆಲಸ ಮಾಡುತ್ತಿರಬಹುದು, ಆಗ ಅವನ್ನು ಕಿತ್ತುಕೊಳ್ಳಬೇಡಿ. ಇಲ್ಲವೇ ತಮ್ಮ ಶಕ್ತಿ ಮೀರಿ ದುಡಿಯುತ್ತಿರಬಹುದು, ಆಗ ದಿನ ಬಿಟ್ಟು ದಿನ ನೋವು ಕೆರಳುವುದನ್ನು ನೋಡುತ್ತೀರಿ.

ಬೆನ್ನುನೋವಿನವರಲ್ಲಿ ಈ ಬಿರುಕು ಇನ್ನೂ ಢಾಳಾಗಿ ಕಾಣುತ್ತದೆ. ಗೋದಾಮಿನಲ್ಲಿ ಕೆಲಸ ಮಾಡುವ 38ರ ಒಬ್ಬರನ್ನು ಕಲ್ಪಿಸಿಕೊಳ್ಳಿ. ಕೋಣೆಯಲ್ಲಿ 12 ಕಿಲೋ ಪೆಟ್ಟಿಗೆಯನ್ನು ನೆಲದಿಂದ ಹತ್ತು ಸಲ ಸಲೀಸಾಗಿ ಎತ್ತುತ್ತಾರೆ. ಕೆಲಸದಲ್ಲಿ ನಾಲ್ಕು ತಿಂಗಳಿಂದ ಏನನ್ನೂ ಎತ್ತಿಲ್ಲ. ಡಿ430.40. ಇಲ್ಲಿ, ಬೆನ್ನುನೋವು ಬಹುಕಾಲ ಕಾಡುವ ಅಪಾಯ ಎಷ್ಟೆಂದು ಅಂದಾಜಿಸುವ ಸ್ಟಾರ್ಟ್ ಬ್ಯಾಕ್ ಪ್ರಶ್ನಾವಳಿ ಸಹಾಯಕ್ಕೆ ಬರುತ್ತದೆ. ಒಂಬತ್ತೇ ಪ್ರಶ್ನೆ. ಒಟ್ಟು ಅಂಕ 3ರವರೆಗೆ ಇದ್ದರೆ ಕಡಿಮೆ ಅಪಾಯ. 4 ಅಥವಾ ಹೆಚ್ಚಿದ್ದರೆ ಕೊನೆಯ ಐದು ಪ್ರಶ್ನೆಗಳ ಅಂಕ ನೋಡಬೇಕು: ಅದು 3ರವರೆಗಿದ್ದರೆ ಮಧ್ಯಮ, 4 ಅಥವಾ 5 ಇದ್ದರೆ ಹೆಚ್ಚಿನ ಅಪಾಯ. ಆ ಐದು ಪ್ರಶ್ನೆಗಳು ಭಯ, ಆತಂಕ, ಹತಾಶೆಗಳ ಸುತ್ತ ಇವೆ. ಇವರಿಗೆ ಬೇಕಿರುವುದು ಎತ್ತುವುದನ್ನು ಹಂತ ಹಂತವಾಗಿ ಮತ್ತೆ ಅಭ್ಯಾಸಕ್ಕೆ ತರುವುದು, "ಬೆನ್ನು ಮುರಿದುಹೋಗುವ ವಸ್ತುವಲ್ಲ" ಎಂದು ಅವರ ಕೈಯಲ್ಲೇ ಎತ್ತಿಸಿ ಮನಗಾಣಿಸುವುದು, ಮತ್ತು ಮೇಲ್ವಿಚಾರಕರ ಜೊತೆ ಮೊದಲ ವಾರಗಳ ಹಗುರ ಕೆಲಸದ ಬಗ್ಗೆ ಮಾತು.

ಹೆಜ್ಜೆ 6: ಕೊಂಡಿ ಹಾಕುವುದು

ಹಾಳೆ ತುಂಬಿದೆ. ಈಗ ಪೆನ್ಸಿಲ್ ಹಿಡಿದು ಗೆರೆ ಎಳೆಯಿರಿ. ಬಲಗಡೆಯಿಂದ, ಅಂದರೆ ಅವರು ಕಳೆದುಕೊಂಡ ಪಾಲ್ಗೊಳ್ಳುವಿಕೆಯಿಂದ ಶುರು ಮಾಡಿ ಎಡಕ್ಕೆ ಬನ್ನಿ. ಸಂಜೆಯ ನಡಿಗೆ ಏಕೆ ನಿಂತಿತು? ದೂರದಿಂದಲ್ಲ, ದಾರಿಯಲ್ಲಿರುವ ಇಳಿಜಾರಿನಿಂದ. ಇಳಿಜಾರು ಏಕೆ ಕಷ್ಟ? ದೇಹದ ಭಾರವನ್ನು ತಡೆದು ಇಳಿಸುವಾಗ ತೊಡೆಯ ಮುಂಭಾಗದ ಸ್ನಾಯು ಸೋಲುತ್ತದೆ. ಅಲ್ಲಿಗೆ ಬಿ730 ಮತ್ತು ಡಿ4551, ಡಿ920 ಒಂದೇ ಗೆರೆಯಲ್ಲಿ ಬಂದವು. ಮಂಡಿ ಬಾಗುವುದರ ಸಣ್ಣ ಕೊರತೆಗೆ ಯಾವ ಗೆರೆಯೂ ಸೇರದಿದ್ದರೆ ಅದನ್ನು ಬಿಟ್ಟುಬಿಡಿ. ಅಳತೆಯಲ್ಲಿ ಕಂಡದ್ದನ್ನೆಲ್ಲ ಸರಿಪಡಿಸಲು ಹೊರಟರೆ ಯಾರಿಗೂ ಸಮಯ ಸಾಲದು. ನಾನು ಹಿಂದೆ ಮಾಡುತ್ತಿದ್ದ ತಪ್ಪು ಇದೇ.

ಪ್ರತಿ ಗೆರೆಯೂ ಒಂದು ಊಹೆ. ಅದನ್ನು ಕೋಣೆಯಲ್ಲೇ ಪರೀಕ್ಷಿಸಬಹುದು. ಗೋಡೆ ಮುಟ್ಟಿಕೊಂಡು ಮೆಟ್ಟಿಲು ಇಳಿಸಿ ನೋಡಿ, ಹೆಜ್ಜೆಯ ಎತ್ತರ ಅರ್ಧ ಮಾಡಿ ನೋಡಿ. ತಕ್ಷಣ ಸುಲಭವಾದರೆ ಊಹೆಗೆ ಬಲ ಬಂತು.

ಕುತ್ತಿಗೆ ಮತ್ತು ಬೆನ್ನಿನ ನೋವಿನಲ್ಲಿ ಈ ಕೊಂಡಿ ಹಾಕುವ ಕೆಲಸಕ್ಕೆ ಸಿದ್ಧ ಚೌಕಟ್ಟು ಇದೆ. ಅಮೆರಿಕದ ಫಿಸಿಕಲ್ ಥೆರಪಿಸ್ಟ್‌ಗಳ ಸಂಘದ ಮೂಳೆಚಿಕಿತ್ಸಾ ವಿಭಾಗ 2008ರಿಂದ ಐಸಿಎಫ್ ಆಧಾರದ ಮಾರ್ಗಸೂಚಿಗಳನ್ನು ಹೊರತರುತ್ತಿದೆ. ಕುತ್ತಿಗೆ ನೋವನ್ನು ಅದು ನಾಲ್ಕಾಗಿ ನೋಡುತ್ತದೆ: ಚಲನೆಯ ಕೊರತೆ ಇರುವುದು, ಚಲನೆಯ ಹೊಂದಾಣಿಕೆ ತಪ್ಪಿರುವುದು, ತಲೆನೋವಿನ ಜೊತೆ ಬರುವುದು, ತೋಳಿಗೆ ಹರಡುವುದು. ಕುತ್ತಿಗೆ ಬಿಗಿದವರಿಗೆ ಕೈಚಿಕಿತ್ಸೆ ಮತ್ತು ಚಲನೆಯ ವ್ಯಾಯಾಮ, ಹೊಂದಾಣಿಕೆ ತಪ್ಪಿದವರಿಗೆ ಸ್ನಾಯು ನಿಯಂತ್ರಣದ ತರಬೇತಿ, ಹೀಗೆ ದೇಹದ ಕಾರ್ಯದ ಕೊರತೆ ನೋಡಿ ಚಿಕಿತ್ಸೆ ಆರಿಸಬಹುದು. ಎಕ್ಸ್-ರೇಯಲ್ಲಿ ಬರೆದಿರುವ 'ಸವೆತ' ಎಂಬ ಒಂದು ಪದಕ್ಕಿಂತ ಇದು ಎಷ್ಟೋ ಹೆಚ್ಚು ದಾರಿ ತೋರಿಸುತ್ತದೆ.

ಹೆಜ್ಜೆ 7: ಗುರಿಯನ್ನು 'ಡಿ' ಭಾಷೆಯಲ್ಲಿ ಬರೆಯಿರಿ

"ಸ್ನಾಯುಬಲ ಹೆಚ್ಚಿಸುವುದು" ಗುರಿಯಲ್ಲ, ಗುರಿಗೆ ಹೋಗುವ ದಾರಿ. ಗುರಿ ಹೀಗಿರಲಿ: "ಆರು ವಾರದಲ್ಲಿ ಮನೆಯ ಹದಿನಾಲ್ಕು ಮೆಟ್ಟಿಲನ್ನು ಕಟಾಂಜನ ಹಿಡಿದು, ಒಂದೊಂದು ಮೆಟ್ಟಿಲಿಗೆ ಒಂದೊಂದು ಕಾಲಿಟ್ಟು, ದಿನಕ್ಕೆ ಎರಡು ಸಲ ಹತ್ತಿ ಇಳಿಯುವುದು." ಅದರ ಕೆಳಗೆ ಚಿಕಿತ್ಸೆ, ಪ್ರತಿ ಮಟ್ಟಕ್ಕೂ ಒಂದೊಂದು. ದೇಹಕ್ಕೆ: ಕುರ್ಚಿಯಿಂದ ಏಳುವುದು, 10 ಸೆಂಟಿಮೀಟರ್ ಹಲಗೆಯಿಂದ ಶುರುವಾಗಿ ಮನೆಯ ಮೆಟ್ಟಿಲಿನ ಎತ್ತರಕ್ಕೆ ಏರುವ ಹತ್ತಿಳಿಯುವ ವ್ಯಾಯಾಮ. ಮಾಡುವಾಗ ಸಹಿಸುವಷ್ಟು ನೋವು ಬಂದು ಮರುದಿನದೊಳಗೆ ಮೊದಲಿನ ಮಟ್ಟಕ್ಕೆ ಇಳಿದರೆ ಮುಂದುವರಿಸಬಹುದು ಎಂದು ಮೊದಲೇ ಹೇಳಿಡಿ. ಚಟುವಟಿಕೆಗೆ: ಕ್ಲಿನಿಕ್ಕಿನ ಮೆಟ್ಟಿಲಿನಲ್ಲೇ ಅಭ್ಯಾಸ. ಪರಿಸರಕ್ಕೆ: ಕಟಾಂಜನ, ದೀಪ, ಗ್ರಂಥಾಲಯದಲ್ಲಿ ಕೆಳ ಕಪಾಟಿಗೆ ಕುಳಿತು ಕೆಲಸ ಮಾಡಲು ಸಣ್ಣ ಪೀಠ. ಮಗಳನ್ನು ಒಂದು ಭೇಟಿಗೆ ಕರೆಸಿ, ತಾಯಿ ಮೆಟ್ಟಿಲು ಹತ್ತುವುದನ್ನು ಕಣ್ಣಾರೆ ನೋಡಲು ಬಿಡಿ. ನಾನು ಹತ್ತು ನಿಮಿಷ ವಿವರಿಸುವುದಕ್ಕಿಂತ ಆ ಒಂದು ನೋಟ ಹೆಚ್ಚು ಕೆಲಸ ಮಾಡುತ್ತದೆ. ನಂಬಿಕೆಗೆ: ಕೀಲು ಸವೆತದಲ್ಲಿ ವ್ಯಾಯಾಮ ಮೊದಲ ಸಾಲಿನ ಚಿಕಿತ್ಸೆ ಎಂದು, ಮೆಟ್ಟಿಲು ಮಂಡಿಯ ಶತ್ರುವಲ್ಲ ಎಂದು ನಿಧಾನವಾಗಿ ಹೇಳುವುದು.

ಹೆಜ್ಜೆ 8: ಮತ್ತೆ ಅಳೆಯುವುದು

ಮೂರು ಅಥವಾ ನಾಲ್ಕು ವಾರಕ್ಕೆ ಅದೇ ಹಾಳೆ ತೆಗೆಯಿರಿ. ಮೊದಲ ದಿನ ಅವರೇ ಆರಿಸಿದ ಚಟುವಟಿಕೆಗಳಿಗೆ ಮತ್ತೆ ಅಂಕ ಕೇಳಿ. ಸರಾಸರಿಯಲ್ಲಿ ಸುಮಾರು 2 ಅಂಕ, ಒಂದೇ ಚಟುವಟಿಕೆಯಲ್ಲಾದರೆ 3 ಅಂಕ ಏರಿದರೆ ಅದನ್ನು ನಿಜವಾದ ಬದಲಾವಣೆ ಎಂದು ತೆಗೆದುಕೊಳ್ಳಬಹುದು. 30 ಸೆಕೆಂಡಿನ ಕುರ್ಚಿ ಪರೀಕ್ಷೆ, ಮೆಟ್ಟಿಲಿನ ಸಮಯ ಮತ್ತೆ ನೋಡಿ. ಒಟ್ಟಾರೆ ಚಿತ್ರ ಬೇಕಿದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ಹೂಡಾಸ್ 2.0 ಇದೆ. ಐಸಿಎಫ್ ಚೌಕಟ್ಟಿನ ಮೇಲೇ ಕಟ್ಟಿದ ಪ್ರಶ್ನಾವಳಿ ಅದು, ಕಳೆದ 30 ದಿನಗಳ ಬಗ್ಗೆ ಆರು ಕ್ಷೇತ್ರಗಳಲ್ಲಿ ಕೇಳುತ್ತದೆ. 36 ಪ್ರಶ್ನೆಗಳ ರೂಪ ಉದ್ದವೆನಿಸಿದರೆ 12 ಪ್ರಶ್ನೆಗಳದೂ ಇದೆ.

ದೇಹದ ಅಂಕ ಸುಧಾರಿಸಿ ಚಟುವಟಿಕೆಯದು ಸುಧಾರಿಸದಿದ್ದರೆ ಗೆರೆ ತಪ್ಪಾಗಿ ಎಳೆದಿದ್ದೀರಿ, ಆರನೇ ಹೆಜ್ಜೆಗೆ ಮರಳಿ. ಚಟುವಟಿಕೆ ಸುಧಾರಿಸಿ ನೋವು ಹಾಗೇ ಇದ್ದರೆ ಬಂದವರನ್ನೇ ಕೇಳಿ, ಇದು ಅವರಿಗೆ ಸಾಕೇ ಎಂದು. ಎಷ್ಟೋ ಜನ ಸಾಕು ಎನ್ನುತ್ತಾರೆ. ಕೆಲವರು ಇಲ್ಲ ಎನ್ನುತ್ತಾರೆ, ಅವರ ನೋವಿಗೆ ಬೇರೆ ದಾರಿ ಹುಡುಕಬೇಕು.

ಸಮಯ ಎಲ್ಲಿದೆ?

ಇದನ್ನು ಎಲ್ಲರೂ ಕೇಳುತ್ತಾರೆ, ಕೇಳಬೇಕಾದದ್ದೇ. ಮೊದಲ ತಿಂಗಳು ವಾರಕ್ಕೆ ಇಬ್ಬರಿಗೆ ಮಾತ್ರ ಪೂರ್ಣ ಹಾಳೆ ತುಂಬಿ. ಉಳಿದವರಿಗೆ ಎರಡನೇ ಹೆಜ್ಜೆಯ ಮೂರು ಪ್ರಶ್ನೆಗಳು ಸಾಕು. ಸಂಕೇತಗಳನ್ನು ಬರೆಯಲೇಬೇಕೆಂಬ ಹಠ ಬೇಡ. ಹಾಳೆಯ ಚೌಕಟ್ಟನ್ನು ಬಳಸಿ ಸಾದಾ ಮಾತಿನಲ್ಲಿ ಬರೆದರೂ ಚಿಕಿತ್ಸೆಯ ದಿಕ್ಕು ಬದಲಾಗುತ್ತದೆ. ಸಂಕೇತ ನಿಜಕ್ಕೂ ಬೇಕಾಗುವುದು ಬೇರೆಯವರಿಗೆ ಬರೆಯುವಾಗ, ಅಂಕಿಅಂಶ ಕೂಡಿಸುವಾಗ. ವೈದ್ಯರಿಗೆ ಪತ್ರ ಬರೆಯುವಾಗ "ಮಂಡಿನೋವು, ಫಿಸಿಯೋಥೆರಪಿ ನಡೆದಿದೆ" ಎನ್ನುವ ಬದಲು "ಮೆಟ್ಟಿಲು: ಮನೆಯಲ್ಲಿ ತೀವ್ರ ತೊಂದರೆಯಿಂದ ಅಲ್ಪ ತೊಂದರೆಗೆ, ನಿಲ್ಲುವುದು: ಮಧ್ಯಮ, ಬದಲಾಗಿಲ್ಲ, ಅಡ್ಡಿ: ಕೆಲಸದ ಜಾಗದಲ್ಲಿ ಕೂರುವ ವ್ಯವಸ್ಥೆ ಇಲ್ಲ" ಎಂದು ಬರೆದರೆ, ಓದಿದವರಿಗೆ ಮುಂದೆ ತಾವೇನು ಮಾಡಬೇಕೆಂದು ತಿಳಿಯುತ್ತದೆ.

ಕೊನೆಯದಾಗಿ ಹಾಳೆಯನ್ನು ಯಾರು ನೋಡಬೇಕು ಎಂಬುದು. ಐಸಿಎಫ್ ಪುಸ್ತಕದ ಆರನೇ ಅನುಬಂಧ ಪೂರ್ತಿ ನೈತಿಕ ಸೂಚನೆಗಳಿಗೇ ಮೀಸಲು. ವರ್ಗೀಕರಣವನ್ನು ಜನರಿಗೆ ಹಣೆಪಟ್ಟಿ ಕಟ್ಟಲು ಬಳಸಬಾರದು, ಅವರಿಗೆ ತಿಳಿದು, ಅವರ ಒಪ್ಪಿಗೆ ಮತ್ತು ಸಹಕಾರದಿಂದ ಬಳಸಬೇಕು ಎಂಬುದು ಅದರ ಸಾರ. ಆದ್ದರಿಂದ ನಾನು ಹಾಳೆಯನ್ನು ಮೇಜಿನ ಮೇಲೆ ಅವರ ಕಡೆಗೆ ತಿರುಗಿಸಿ ಇಡುತ್ತೇನೆ, ಪೆನ್ಸಿಲನ್ನೂ ಪಕ್ಕದಲ್ಲಿಡುತ್ತೇನೆ. "ಇದರಲ್ಲಿ ತಪ್ಪಿದ್ದರೆ ತಿದ್ದಿ, ಬಿಟ್ಟಿದ್ದರೆ ಸೇರಿಸಿ" ಎನ್ನುತ್ತೇನೆ. ಹೆಚ್ಚಿನವರು ಒಂದಾದರೂ ಸಾಲು ಸೇರಿಸುತ್ತಾರೆ. ಮುಂದಿನ ಭೇಟಿಯನ್ನು ನಾನು ಆ ಸಾಲಿನಿಂದಲೇ ಶುರು ಮಾಡುತ್ತೇನೆ.